ಗುಂಡಿಯಷ್ಟು ಚರ್ಮ

ಸ್ನೂಕರ್ ಆಡುವವರ ಕೈಯಲ್ಲಿರುವ ಕೋಲಿಗೆ ಕ್ಯೂ ಎಂದು ಹೆಸರು. ಉದ್ದ ಹತ್ತಿರ ಹತ್ತಿರ ಐದಡಿ, ತೂಕ ಅರ್ಧ ಕಿಲೋ. ಅದನ್ನು ಕೊಳ್ಳಲು ಹೋದವರ ಸಂಭ್ರಮವನ್ನು ನೋಡಬೇಕು. ಜಾತ್ರೆಯಲ್ಲಿ ಹೋರಿ ಕೊಳ್ಳುವ ರೈತ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವಂತೆ ಇವರೂ ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ, ಮೇಜಿನ ಮೇಲೆ ಉರುಳಿಸಿ ಸೊಟ್ಟಗಿದೆಯೇ ಎಂದು ಪರೀಕ್ಷಿಸುತ್ತಾರೆ, ಆಶ್ ಮರದ ಗೆರೆಗಳನ್ನು ಬೆರಳಿನಿಂದ ಸವರುತ್ತಾರೆ, ಹಿಡಿಯ ಕಪ್ಪು ಮರ ನಿಜವಾದ ಎಬೊನಿಯೋ ಬಣ್ಣ ಬಳಿದದ್ದೋ ಎಂದು ಅನುಮಾನಪಡುತ್ತಾರೆ. ಕೊನೆಗೆ ಒಂದನ್ನು ಆರಿಸಿಕೊಂಡು, ಉದ್ದನೆಯ ಪೆಟ್ಟಿಗೆಯೊಂದರಲ್ಲಿ ಮಲಗಿಸಿಕೊಂಡು, ಬಸ್ಸಿನಲ್ಲಿ ಯಾರೂ ತಾಗದಂತೆ ಎದೆಗವಚಿಕೊಂಡು ಮನೆಗೆ ಬರುತ್ತಾರೆ.

ಇಷ್ಟೆಲ್ಲ ಆದರೂ ಚೆಂಡಿಗೆ ತಾಗುವುದು ಆ ಮರವೂ ಅಲ್ಲ, ಅದರ ತುದಿಯಲ್ಲಿ ಮಿನುಗುವ ಹಿತ್ತಾಳೆಯ ಬಳೆಯೂ ಅಲ್ಲ. ಬಳೆಯ ಮೇಲೆ ಅಂಟಿಸಿದ ಒಂದು ಚೂರು ಚರ್ಮ ಮಾತ್ರ. ಅಗಲ 9ರಿಂದ 10 ಮಿಲಿಮೀಟರು. ಅಂಗಿಯ ಕಾಲರಿನ ಗುಂಡಿಯಷ್ಟು. ಆಟಗಾರರು ಅದನ್ನು ಟಿಪ್ ಎನ್ನುತ್ತಾರೆ. ಪ್ರತಿ ಹೊಡೆತದಲ್ಲೂ ಟಿಪ್ ಮತ್ತು ಬಿಳಿ ಚೆಂಡು ಪರಸ್ಪರ ಮುಟ್ಟಿಕೊಂಡಿರುವ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಆಟಗಾರನ ವರ್ಷಗಟ್ಟಲೆಯ ಅಭ್ಯಾಸ, ತೋಳಿನ ನೇರ, ಕಣ್ಣಿನ ಲೆಕ್ಕ ಎಲ್ಲವೂ ಆ ಕ್ಷಣದೊಳಗೆ ಆ ಗುಂಡಿಯಷ್ಟು ಚರ್ಮದ ಮೂಲಕವೇ ದಾಟಬೇಕು. 12 ಅಡಿ ಉದ್ದ, 6 ಅಡಿ ಅಗಲದ ಹಸಿರು ಮೇಜಿನ ಮೇಲೆ ಮುಂದೆ ನಡೆಯುವುದೆಲ್ಲ ಆಮೇಲಿನ ಕಥೆ.

ಹಿಂದೆ ಈ ಚರ್ಮ ಇರಲಿಲ್ಲ. ಬರಿಯ ಮರದ ತುದಿಯಿಂದಲೇ ಚೆಂಡನ್ನು ದೂಡುತ್ತಿದ್ದರು. ಚೆಂಡಿನ ನಟ್ಟನಡುವೆ ತಾಗಿದರೆ ಸರಿ, ಸ್ವಲ್ಪ ಪಕ್ಕಕ್ಕೆ ತಾಗಿದರೆ ಮರ ಜಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬ ಸೇನಾ ಕ್ಯಾಪ್ಟನ್ ಕೋಲಿನ ತುದಿಗೆ ಚರ್ಮ ಅಂಟಿಸುವ ಉಪಾಯವನ್ನು ಬಳಕೆಗೆ ತಂದ. ಸೆರೆಮನೆಯಲ್ಲಿದ್ದಾಗ ಅಲ್ಲಿದ್ದ ಬಿಲಿಯರ್ಡ್ಸ್ ಮೇಜಿನ ಮೇಲೆ ಆಡಿ ಆಡಿ ಇದನ್ನು ಕಂಡುಕೊಂಡನೆಂದು ಹೇಳುವುದುಂಟು. ಚರ್ಮ ಬಂದ ಮೇಲೆ ಚೆಂಡಿನ ನಡುವನ್ನು ಬಿಟ್ಟು ಮೇಲೆ, ಕೆಳಗೆ, ಪಕ್ಕಕ್ಕೆ ಹೊಡೆಯಬಹುದೆಂದು ಗೊತ್ತಾಯಿತು. ಮುಂದೆ ಹೋದ ಚೆಂಡು ಇನ್ನೊಂದಕ್ಕೆ ತಾಗಿ, ಯಾರೋ ಕರೆದಂತೆ ಹಿಂದಕ್ಕೆ ಉರುಳಿ ಬರುವುದನ್ನು ಮೊದಲ ಸಲ ಕಂಡವರು ಇದು ಮಾಟವೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಚರ್ಮವೊಂದೇ ಸಾಲದು, ಅದು ಜಾರದಂತೆ ಅದಕ್ಕೆ ಪುಡಿ ಹಚ್ಚಬೇಕು. ಆಟಗಾರರು ಹೊಡೆತಕ್ಕೆ ಮೊದಲು ಒಂದು ನೀಲಿ ಅಥವಾ ಹಸಿರು ಘನವನ್ನು ಕೋಲಿನ ತುದಿಗೆ ಒತ್ತಿ ತಿರುವುವುದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದಾರೆ. ಅದಕ್ಕೆ ಚಾಕ್ ಎಂಬ ಹೆಸರಿದ್ದರೂ ಶಾಲೆಯ ಕರಿಹಲಗೆಯ ಸುಣ್ಣದ ಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಎಂಬ ಬಿಲಿಯರ್ಡ್ಸ್ ಆಟಗಾರ, ಹಾಸ್ಕಿನ್ಸ್ ಎಂಬ ರಸಾಯನಜ್ಞನ ಜತೆ ಸೇರಿ ಪೇಟೆಂಟ್ ಪಡೆದ ಮಿಶ್ರಣದಿಂದ ಹುಟ್ಟಿದ್ದು ಅದು. ಮರಳಿನ ಜಾತಿಯ ಸಿಲಿಕಾ ಮತ್ತು ಉಜ್ಜುವ ಕಲ್ಲಿನ ನುಣುಪಾದ ಪುಡಿ ಅದರಲ್ಲಿರುತ್ತದೆ. ಚರ್ಮ ಈ ಪುಡಿಯನ್ನು ಹಿಡಿದುಕೊಳ್ಳಬೇಕು, ಪುಡಿ ಚೆಂಡನ್ನು ಹಿಡಿದುಕೊಳ್ಳಬೇಕು. ಈ ಎರಡು ಹಿಡಿತ ಗಟ್ಟಿಯಾಗಿದ್ದರೆ ಚೆಂಡಿನ ನಡುವಿನಿಂದ ಅಂಚಿನ ಕಡೆಗೆ ಅರ್ಧದಷ್ಟು ದೂರದವರೆಗೂ ಧೈರ್ಯವಾಗಿ ಹೊಡೆಯಬಹುದು. ಸ್ನೂಕರ್ ಚೆಂಡಿನ ಅಡ್ಡಳತೆ 52.5 ಮಿಲಿಮೀಟರು, ಹಾಗಾಗಿ ಆ ಅರ್ಧವೆಂದರೆ 13 ಮಿಲಿಮೀಟರು. ಅದನ್ನು ಮೀರಿದರೆ ಎಂಥ ಪ್ರವೀಣನ ಕೋಲೂ ಜಾರುತ್ತದೆ. ಟಿಪ್ ಕೆಟ್ಟಿದ್ದರೆ ಆ 13 ಮಿಲಿಮೀಟರಿನ ಸ್ವಾತಂತ್ರ್ಯವೂ ಇಲ್ಲ.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. 1875ರಲ್ಲಿ ಜಬಲ್ಪುರದ ಸೇನಾ ಭೋಜನಶಾಲೆಯಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಇದನ್ನು ರೂಪಿಸಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಈತನಲ್ಲ. ಹೆಸರು ಮಾತ್ರ ಒಂದೇ. ಆಟದ ನಿಯಮಗಳು ಅಚ್ಚುಕಟ್ಟಾಗಿ ಬರೆಯಲ್ಪಟ್ಟು ಗೋಡೆಗೆ ತೂಗುಬಿದ್ದದ್ದು 1880ರ ದಶಕದಲ್ಲಿ, ನಮ್ಮ ಮೈಸೂರಿನಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ಊಟಿಯ ಕ್ಲಬ್ಬಿನಲ್ಲಿ. ಸ್ನೂಕರ್ ಎಂಬ ಮಾತಿಗೆ ಆಗಿನ ಸೇನಾ ಶಾಲೆಯ ಹುಡುಗರ ಆಡುಭಾಷೆಯಲ್ಲಿ ಒಂದು ಅರ್ಥವಿತ್ತು: ಮೊದಲ ವರ್ಷಕ್ಕೆ ಸೇರಿದ ಹೊಸಬ, ಇನ್ನೂ ಏನೂ ತಿಳಿಯದವ. ಸುಲಭದ ಚೆಂಡನ್ನು ತಪ್ಪಿಸಿದ ಗೆಳೆಯನನ್ನು ಚೇಂಬರ್ಲಿನ್ ಹಾಗೆ ಛೇಡಿಸಿದ್ದೇ ಆಟದ ಹೆಸರಾಗಿ ನಿಂತಿತಂತೆ. ಹೊಸಬನ ಹೆಸರನ್ನೇ ಹೊತ್ತ ಈ ಆಟದಲ್ಲಿ ಹೊಸತನ್ನು ಹಳತು ಮಾಡಿಕೊಳ್ಳುವುದೇ ದೊಡ್ಡ ಪಾಠವಾಗಿರುವುದು ಒಂದು ತಮಾಷೆ.

ಬೆಂಗಳೂರಿಗೂ ಈ ಆಟಕ್ಕೂ ಹಳೆಯ ನಂಟು. 1987ರಲ್ಲಿ ಮತ್ತು 2014ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್‌ಷಿಪ್ ನಡೆದದ್ದು ಇದೇ ಊರಿನಲ್ಲಿ. ಅಣ್ಣ ಆಡುವುದನ್ನು ನೋಡಲು ಹೋಗಿ ಕೋಲು ಹಿಡಿದ ಪಂಕಜ್ ಅಡ್ವಾಣಿ, ಅರವಿಂದ ಸವೂರರ ಬಳಿ ಕಲಿತು, 2003ರಲ್ಲಿ ಹದಿನೆಂಟರ ವಯಸ್ಸಿಗೆ ಚೀನಾದಲ್ಲಿ ಆ ಪ್ರಶಸ್ತಿ ಗೆದ್ದದ್ದೂ ಈ ಊರಿನ ಮೇಜುಗಳ ಮೇಲೆ ಪಳಗಿಯೇ. ಆದರೂ ಮಧ್ಯಮ ವರ್ಗದ ಮನೆಗಳಲ್ಲಿ 'ಸ್ನೂಕರ್ ಪಾರ್ಲರ್' ಎಂದ ಕೂಡಲೇ ಹುಬ್ಬು ಗಂಟಿಕ್ಕುತ್ತದೆ. ಮಬ್ಬು ಬೆಳಕು, ಸಿಗರೇಟಿನ ಹೊಗೆ, ಕಾಲೇಜು ತಪ್ಪಿಸಿದ ಹುಡುಗರು, ಪಂದ್ಯಕ್ಕೆ ಕಟ್ಟುವ ಹಣ ಇವೇ ಕಣ್ಣಮುಂದೆ ಬರುತ್ತವೆ. ಈ ಭಯ ಪೂರ್ತಿ ಸುಳ್ಳೂ ಅಲ್ಲ. ಹಾಗಾಗಿ ಮಗ ಕ್ಯೂ ಹಿಡಿಯುತ್ತೇನೆಂದರೆ ತಂದೆ ತಾಯಿ ಒಂದೇ ಸಲಕ್ಕೆ ಹೂಂ ಎನ್ನುವುದಿಲ್ಲ.

ಅಂಥದೇ ಒಂದು ಮನೆ. ತಂದೆ ಗುಮಾಸ್ತೆ, ತಾಯಿ ಮನೆಯಲ್ಲೇ ಟ್ಯೂಷನ್ ಹೇಳುವವರು. ಮಗ ಎರಡನೆಯ ಪಿಯುಸಿ. ಎರಡು ವರ್ಷದ ಹಿಂದೆ ತಂದೆಗೆ ಬಂದ ಸಂಬಳದ ಬಾಕಿ ಹಣದಲ್ಲಿ ಒಂದು ಪಾಲು ಮಗನ ಕ್ಯೂ ಆಗಿ ಮನೆಗೆ ಬಂದಿತ್ತು. ಆದರೆ ಈ ವರ್ಷ ಬೋರ್ಡ್ ಪರೀಕ್ಷೆ, ಅದರ ಬೆನ್ನಿಗೇ ಸಿಇಟಿ. ಮನೆಯಲ್ಲಿ ಒಂದು ಒಪ್ಪಂದವಾಯಿತು: ಮುಂದಿನ ತಿಂಗಳ ರಾಜ್ಯಮಟ್ಟದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ನಾಲ್ವರೊಳಗೆ ಬಂದರೆ ಆಟ ಮುಂದುವರಿಯಲಿ, ಬರದಿದ್ದರೆ ಕೋಲು ಅಟ್ಟ ಸೇರಲಿ. ಮಗ ತಲೆಯಾಡಿಸಿದ. ಅಟ್ಟ ಸೇರಿದ ವಸ್ತು ಮತ್ತೆ ಕೆಳಗಿಳಿದ ಉದಾಹರಣೆ ಆ ಮನೆಯಲ್ಲಿ ಇರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಪಂದ್ಯಕ್ಕೆ ಇನ್ನು ಹದಿನಾಲ್ಕು ದಿನ ಇರುವಾಗ ಟಿಪ್ ಸವೆದು ಹೋದದ್ದು ಕಣ್ಣಿಗೆ ಬಿತ್ತು. ಹಿತ್ತಾಳೆಯ ಬಳೆಯ ಮೇಲೆ ಒಂದು ಮಿಲಿಮೀಟರೂ ಉಳಿದಿರಲಿಲ್ಲ. ಆದರೆ ಆ ಹಳೆಯ ಟಿಪ್ ಅವನ ಕೈಗೆ ಎಷ್ಟು ಹೊಂದಿತ್ತೆಂದರೆ, ಯಾವ ಹೊಡೆತಕ್ಕೆ ಚೆಂಡು ಎಷ್ಟು ಹಿಂದಕ್ಕೆ ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಪಂದ್ಯ ಮುಗಿಯುವವರೆಗೆ ಇದರಲ್ಲೇ ನೂಕಿಬಿಡೋಣ ಎಂದು ಅವನ ಮನಸ್ಸು. ಅವನು ಆಡುತ್ತಿದ್ದ ಕಡೆ ಒಬ್ಬ ವಯಸ್ಸಾದ ಮಾರ್ಕರ್ ಇದ್ದರು. ಬಿಲಿಯರ್ಡ್ಸ್ ಕೋಣೆಗಳಲ್ಲಿ ಅಂಕ ಬರೆಯುವ, ಚೆಂಡು ಜೋಡಿಸುವ, ಮೇಜಿನ ಬಟ್ಟೆಯನ್ನು ಬ್ರಷ್ ಮಾಡಿ ಇಸ್ತ್ರಿ ಹಾಕುವ ಕೆಲಸದವರಿಗೆ ನಮ್ಮಲ್ಲಿ ಮೊದಲಿನಿಂದಲೂ ಮಾರ್ಕರ್ ಎಂದೇ ಹೆಸರು. ಆಟದ ಸೂಕ್ಷ್ಮಗಳು ಪುಸ್ತಕಕ್ಕಿಂತ ಹೆಚ್ಚಾಗಿ ಇವರ ಕೈಯಲ್ಲಿ ಉಳಿದು ಬಂದಿವೆ.

ಅವರು ಟಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಮರಿ, ಇದು ಹೋಯ್ತು. ಜೋರಾಗಿ ಒಂದು ಏಟು ಹಾಕಿದ್ರೆ ಹಿತ್ತಾಳೆ ಚೆಂಡಿಗೆ ತಾಗುತ್ತೆ. ಪಂದ್ಯದ ಮಧ್ಯೆ ಬಿದ್ದು ಹೋದ್ರೆ ಏನ್ ಮಾಡ್ತೀಯಾ?"

"ಹದಿನಾಲ್ಕೇ ದಿನ ಅಣ್ಣಾ. ಹೊಸದು ಹೊಂದದೇ ಹೋದ್ರೆ?"

"ಹದಿನಾಲ್ಕು ದಿನ ಇದೆ ಅಂತಾನೇ ಇವತ್ತು ಹೇಳ್ತಿರೋದು. ನಾಲ್ಕು ದಿನ ಇದ್ದಿದ್ರೆ ಹೇಳ್ತಿರಲಿಲ್ಲ."

ಟಿಪ್‌ಗಳಲ್ಲೂ ಜಾತಿಗಳುಂಟು. ಹಿಂದಿನಿಂದ ಬಂದವು ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್ ಮುಂತಾದ ಒತ್ತಿದ ಚರ್ಮದ ಟಿಪ್‌ಗಳು. ಇವು ಡಬ್ಬಿಗೆ 50ರಂತೆ ಬರುತ್ತವೆ. ಬಿಡಿಯಾಗಿ ಕೊಂಡರೆ ಹೋಟೆಲಿನ ಒಂದು ಮಸಾಲೆ ದೋಸೆಯ ಆಸುಪಾಸಿನ ಬೆಲೆ. ಜಪಾನಿನಿಂದ ಬರುವ, ಹಂದಿಯ ಚರ್ಮದ ತೆಳುಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಟಿಪ್‌ಗಳು ಇನ್ನೊಂದು ಜಾತಿ. ಅವುಗಳ ಬೆಲೆ ಸಾವಿರ ದಾಟುವುದೂ ಉಂಟು. ಪದರದ ಟಿಪ್‌ಗಳು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತವೆ. ಒತ್ತಿದ ಚರ್ಮದವು ಹಾಗಲ್ಲ. ಒಂದೇ ಡಬ್ಬಿಯೊಳಗೆ ಒಂದು ಕಲ್ಲಿನಂತೆ, ಇನ್ನೊಂದು ನೆನೆದ ಕಡಲೆಯಂತೆ. ಮೆತ್ತನೆಯದು ಚೆಂಡನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಚಪ್ಪಟೆಯಾಗಿ ಅಣಬೆಯಂತೆ ಅಂಚು ಬಿಡುತ್ತದೆ. ಗಟ್ಟಿಯದು ಬಹಳ ದಿನ ಬಾಳುತ್ತದೆ, ಹೊಡೆತ ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಆದರೆ ಚಾಕ್ ನಿಲ್ಲದೆ ಜಾರುವುದು ಬೇಗ.

ಮಾರ್ಕರ್ ಡಬ್ಬಿಯಿಂದ ಹತ್ತು ಹನ್ನೆರಡು ಟಿಪ್ ತೆಗೆದು ಕಿಟಕಿಯ ಕಲ್ಲಿನ ಕಟ್ಟೆಯ ಬಳಿ ನಿಂತರು. ಒಂದೊಂದನ್ನೂ ಒಂದು ಗೇಣು ಎತ್ತರದಿಂದ ಬೀಳಿಸಿದರು. ಕೆಲವು ಟಣ್ ಎಂದವು, ಕೆಲವು ಟಪ್ ಎಂದವು, ಮೂರು ನಾಲ್ಕು ಮಾತ್ರ ಎರಡೂ ಅಲ್ಲದ ಸದ್ದು ಮಾಡಿದವು.

"ಟಣ್ ಅನ್ನೋದು ಗಟ್ಟಿ, ಟಪ್ ಅನ್ನೋದು ಮೆತ್ತಗೆ. ನಿನ್ನ ಹೊಡೆತಕ್ಕೆ ಟಕ್ ಅನ್ನೋದು ಸರಿಹೋಗುತ್ತೆ. ಆದ್ರೆ ಆರಿಸ್ಕೊಳ್ಳೋನು ನೀನು."

ಹುಡುಗ ಟಣ್ ಎಂದ ಒಂದನ್ನು ಎತ್ತಿಕೊಂಡ. ಗಟ್ಟಿಯದಾದರೆ ಸವೆಯುವುದಿಲ್ಲ, ಪದೇ ಪದೇ ಬದಲಾಯಿಸುವ ರಗಳೆ ಇಲ್ಲ ಎಂಬುದು ಅವನ ಲೆಕ್ಕ. ಮಾರ್ಕರ್ ಬೇಡವೆನ್ನಲಿಲ್ಲ.

ಅಂಟಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಅವಸರಪಟ್ಟರೆ ಅರ್ಧ ದಿನದ್ದಾಗುತ್ತದೆ. ಹಳೆಯ ಟಿಪ್ಪನ್ನು ಬ್ಲೇಡಿನಿಂದ ತೆಗೆದು, ಬಳೆಯ ಮೇಲಿನ ಹಳೆಯ ಅಂಟನ್ನು ಹೆರೆದು, ತುದಿ ಸಮತಟ್ಟಾಗುವಂತೆ ನಯವಾಗಿ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಹಿತ್ತಾಳೆ ಸವೆಯುತ್ತದೆ. ಸ್ಯಾಂಡ್‌ಪೇಪರನ್ನು ಮೇಜಿನ ಮೇಲೆ ಹಾಸಿ ಹೊಸ ಟಿಪ್ಪಿನ ಬೆನ್ನನ್ನು ಅದರ ಮೇಲೆ ನಾಲ್ಕು ಸಲ ತಿಕ್ಕಿ, ಅಂಟು ಹಾಕುವ ಮೊದಲು ಸುಮ್ಮನೆ ಬಳೆಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ನಡುವೆ ಒಂದು ಗೆರೆ ಬೆಳಕು ನುಸುಳಿದರೂ ಕೂರುವ ಜಾಗ ಸಮನಿಲ್ಲವೆಂದು ಅರ್ಥ. ಆಮೇಲೆ ಒಂದು ತೊಟ್ಟು ಅಂಟು. ಹೆಚ್ಚು ಅಂಟು ಹಾಕಿದರೆ ಹೆಚ್ಚು ಗಟ್ಟಿಯಾಗುತ್ತದೆಂಬುದು ಎಲ್ಲ ಹೊಸಬರ ನಂಬಿಕೆ. ನಿಜದಲ್ಲಿ ತೆಳುವಾಗಿದ್ದಷ್ಟೂ ಒಳ್ಳೆಯದು. ನೇರವಾಗಿ ಒತ್ತಿ ಹಿಡಿದು, ಒಣಗಲು ಬಿಟ್ಟು, ಬಳೆಗೆ ಗೀರು ಬೀಳದಂತೆ ಟೇಪು ಸುತ್ತಿ, ಕೋಲನ್ನು ತಲೆಕೆಳಗಾಗಿ ಹಲಗೆಯ ಮೇಲೆ ನಿಲ್ಲಿಸಿ, ಹೊರಗೆ ಚಾಚಿದ ಚರ್ಮವನ್ನು ಬ್ಲೇಡಿನಿಂದ ಸುತ್ತಲೂ ಕೆತ್ತಬೇಕು. ಕೊನೆಗೆ ತಲೆಯನ್ನು ಗುಮ್ಮಟದಂತೆ ದುಂಡಗೆ ಮಾಡುವುದು. ಒಂದು ರೂಪಾಯಿ ನಾಣ್ಯದ ಅಂಚಿನ ಬಾಗನ್ನು ಪಕ್ಕದಲ್ಲಿ ಹಿಡಿದು ನೋಡಿದರೆ ಸುಮಾರಾಗಿ ಲೆಕ್ಕ ಸಿಗುತ್ತದೆ. ಪಕ್ಕೆಗಳಿಗೆ ತುಸು ಎಂಜಲು ಸವರಿ, ಮಡಿಸಿದ ಕಾಗದದಿಂದ ಬಿಸಿಯಾಗುವವರೆಗೆ ತಿಕ್ಕಿದರೆ ಅವು ಹೊಳಪು ಬಂದು ಬಿಗಿಯಾಗುತ್ತವೆ. ಅಣಬೆಯಂತೆ ಅರಳುವುದು ಕಡಿಮೆಯಾಗುತ್ತದೆ.

ಇಷ್ಟು ಮಾಡಿದ ಮೇಲೆ ನೋಡಲು ಟಿಪ್ ಸಿದ್ಧವಾಗಿರುತ್ತದೆ. ಆದರೆ ಸಿದ್ಧವಾಗಿರುವುದಿಲ್ಲ. ಹೊಸ ಚಪ್ಪಲಿ ಕಾಲು ಕಚ್ಚುತ್ತದೆ. ಹೊಸ ಕಬ್ಬಿಣದ ಹೆಂಚಿನ ಮೇಲೆ ಮೊದಲ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ತಿಕ್ಕಿ, ನಾಲ್ಕು ದಿನ ಪಳಗಿಸಬೇಕು. ಪರೀಕ್ಷೆಗೆ ಹೊಸ ಪೆನ್ನು ತೆಗೆದುಕೊಂಡು ಹೋಗಬೇಡ ಎಂದು ಹಿರಿಯರು ಹೇಳುತ್ತಿದ್ದುದು ಅಪಶಕುನಕ್ಕಲ್ಲ. ನಿಬ್ಬು ಬರೆಯುವವನ ಕೈಯ ಓರೆಗೆ ಸವೆದ ಮೇಲೇ ಅದು ಅವನ ಪೆನ್ನಾಗುವುದು. ಟಿಪ್ಪೂ ಹಾಗೆಯೇ. ನೂರಾರು ಹೊಡೆತ ತಿಂದು ಚರ್ಮದ ನಾರುಗಳು ಒತ್ತಿಕೊಳ್ಳಬೇಕು. ಮೊದಲ ಕೆಲವು ಗಂಟೆಗಳಲ್ಲಿ ಅದು ತಗ್ಗುತ್ತದೆ, ಅಂಚು ಹೊರಗೆ ಚಾಚುತ್ತದೆ. ಮತ್ತೆ ಕೆತ್ತಿ ದುಂಡಗೆ ಮಾಡಬೇಕು. ಮೇಲ್ಮೈ ನುಣುಪಾಗಿ ಚಾಕ್ ನಿಲ್ಲದಿದ್ದರೆ ಹಗುರವಾಗಿ ಒರಟು ಮಾಡಬೇಕು. ಆದರೆ ಪ್ರತಿ ಸಲ ಉಜ್ಜಿದಾಗಲೂ ಟಿಪ್ಪಿನ ಆಯುಷ್ಯ ಒಂದಿಷ್ಟು ಕಡಿಮೆಯಾಗುತ್ತದೆಂಬುದು ನೆನಪಿರಬೇಕು.

ಮಾರ್ಕರ್ ಹೇಳಿದ್ದು ಒಂದೇ ಮಾತು. "ಎರಡು ದಿನ ನೇರ ಹೊಡಿ. ಸ್ಕ್ರೂ ಬೇಡ, ಸೈಡ್ ಬೇಡ." ಹುಡುಗ ಒಂದು ಗಂಟೆ ತಡೆದ. ಆಮೇಲೆ ಚೆಂಡಿನ ಕೆಳಗೆ ಹೊಡೆದು ಹಿಂದಕ್ಕೆ ಎಳೆಯಲು ನೋಡಿದ. ಟಿಪ್ ಜಾರಿತು. ಕರ್ಕಶವಾದ ಒಂದು ಸದ್ದಾಗಿ ಬಿಳಿ ಚೆಂಡು ಮೇಜಿನಿಂದ ಹಾರಿ ನೆಲಕ್ಕೆ ಬಿತ್ತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಚಾಕ್ ಹಚ್ಚಿದರೆ ಪಾತ್ರೆಯ ಮೇಲೆ ಹಚ್ಚಿದಂತೆ. ಒರಟು ಮಾಡಿದರೆ ಹತ್ತು ಹೊಡೆತಕ್ಕೆ ಮತ್ತೆ ಗಾಜು. ಐದನೆಯ ದಿನ ಅವನು ಕೋಲು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತ. ಪಂದ್ಯಕ್ಕೆ ಉಳಿದದ್ದು ಒಂಬತ್ತು ದಿನ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಅವನ ತಂದೆ ಕುಳಿತಿದ್ದರು. ಪಾರ್ಲರ್ ಎಂಬ ಭಯಕ್ಕೆ ಆಫೀಸು ಮುಗಿಸಿ ನೇರವಾಗಿ ಇಲ್ಲಿಗೇ ಬಂದು, ಸಂಜೆಪತ್ರಿಕೆ ಬಿಡಿಸಿಕೊಂಡು ಕಾಯುವುದು ಅವರ ಪದ್ಧತಿ. ಮಾರ್ಕರ್ ಬಳಿಗೆ ಬಂದಾಗ ಅವರೇ ಕೇಳಿದರು.

"ಯಜಮಾನ್ರೇ, ಇದು ಕೋಲಿನ ತಪ್ಪೋ ಇವನ ತಪ್ಪೋ?"

"ಎರಡೂ ಅಲ್ಲ ಸಾರ್. ಟಿಪ್ಪು ಇವನ ಕೈಗೆ ಗಟ್ಟಿ. ಒಂದು ತಿಂಗಳು ಹೊಡೆದ್ರೆ ಹೊಂದಬಹುದು."

"ತಿಂಗಳು ಎಲ್ಲಿದೆ?"

"ಇಲ್ಲ. ಬದಲಾಯಿಸಿದ್ರೆ ಮತ್ತೆ ಮೊದಲಿಂದ. ಒಂಬತ್ತು ದಿನ ಸಾಕಾದ್ರೂ ಆಗಬಹುದು, ಸಾಲದೇನೂ ಹೋಗಬಹುದು. ಅವನೇ ಹೇಳಲಿ ಬಿಡಿ."

ತಂದೆಗೆ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು: ಐದು ದಿನ ಹಾಳಾಯಿತಲ್ಲ, ಮೊದಲೇ ದೊಡ್ಡವರ ಮಾತು ಕೇಳಬಾರದಿತ್ತೇ? ಮಗನ ಮುಖ ನೋಡಿ ಅವರು ಅದನ್ನು ನುಂಗಿಕೊಂಡರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಡಬ್ಬಿ ಕೇಳಿದ. ಈ ಸಲ ಕಲ್ಲಿನ ಕಟ್ಟೆಯ ಮೇಲೆ ಅವನೇ ಒಂದೊಂದಾಗಿ ಬೀಳಿಸಿದ. ಕಣ್ಣು ಮುಚ್ಚಿಕೊಂಡು ಕೇಳಿದ. ಟಕ್ ಎಂದ ನಾಲ್ಕನ್ನು ಬೇರೆ ಮಾಡಿ, ಬೆನ್ನು ತಿರುಗಿಸಿ, ಚರ್ಮದ ನಾರು ಬಿಗಿಯಾಗಿರುವ ಒಂದನ್ನು ಎತ್ತಿಕೊಂಡ. ಉಳಿದ ಮೂರನ್ನೂ ಹಣ ಕೊಟ್ಟು ತೆಗೆದುಕೊಂಡ. ಅಂಟಿಸಿದವನೂ ಅವನೇ, ಮಾರ್ಕರ್ ಬರಿದೇ ನೋಡುತ್ತಿದ್ದರು.

ಮುಂದಿನ ಎರಡು ಸಂಜೆ ತಂದೆ ಕಂಡದ್ದು ಒಂದೇ ದೃಶ್ಯ. ಮೇಜಿನ ನಡುಗೆರೆಯ ಮೇಲೆ ಕಂದು, ನೀಲಿ, ಗುಲಾಬಿ, ಕಪ್ಪು ಚೆಂಡುಗಳ ನೆಲೆಗಳು ಸಾಲಾಗಿರುತ್ತವೆ. ಬಿಳಿ ಚೆಂಡನ್ನು ಕಂದಿನ ನೆಲೆಯಲ್ಲಿಟ್ಟು ನೇರವಾಗಿ ಹೊಡೆದರೆ ಅದು ಉಳಿದ ಮೂರು ನೆಲೆಗಳ ಮೇಲೆ ಹಾದು, ಎದುರಿನ ಅಂಚಿಗೆ ಬಡಿದು, ಅದೇ ಗೆರೆಯಲ್ಲಿ ಮರಳಿ ಬಂದು ಕೋಲಿನ ತುದಿಗೇ ತಾಗಬೇಕು. ನಡುವಿನಿಂದ ಕೂದಲೆಳೆಯಷ್ಟು ಆಚೆ ಹೊಡೆದಿದ್ದರೂ ಮರಳಿ ಬರುವಾಗ ಅದು ಪಕ್ಕಕ್ಕೆ ಸರಿದಿರುತ್ತದೆ. ಸುಳ್ಳು ಹೇಳಲು ಜಾಗವಿಲ್ಲದ ಅಭ್ಯಾಸ ಅದು. ಹುಡುಗ ಹೊಡೆದ, ಕಾದ, ನೋಡಿದ, ಮತ್ತೆ ಇಟ್ಟು ಹೊಡೆದ. ಪಾಟ್ ಮಾಡಲು ಚೆಂಡಿಲ್ಲ, ಎದುರಾಳಿಯಿಲ್ಲ, ಅಂಕವಿಲ್ಲ, ಚಪ್ಪಾಳೆಯಿಲ್ಲ. ಎರಡು ಗಂಟೆ ಹೊತ್ತು ಅದೊಂದೇ. ಗಣಿತದ ಪುಸ್ತಕದ ಮುಂದೆ ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕುಡಿಯಲು ಏಳುವ ಹುಡುಗ ಇವನೇನೇ ಎಂದು ತಂದೆಗೆ ಅನುಮಾನವಾಯಿತು. ಪತ್ರಿಕೆಯ ಪುಟ ಮಗುಚುವುದನ್ನು ಅವರು ಮರೆತರು.

ಮೂರನೆಯ ದಿನ ಟಿಪ್ ತಗ್ಗಿ ಅಂಚು ಬಿಟ್ಟಿತು. ಕೆತ್ತಿ ಸರಿ ಮಾಡಿದ. ನಾಲ್ಕನೆಯ ದಿನ ಮೆಲ್ಲಗೆ ಕೆಳಗೆ ಹೊಡೆದು ನೋಡಿದ. ಚೆಂಡು ಒಂದು ಗೇಣು ಹಿಂದಕ್ಕೆ ಬಂತು. ಆರನೆಯ ದಿನ ಒಂದು ಮೊಳ. ಏಳನೆಯ ದಿನ ಪಕ್ಕಕ್ಕೆ ಹೊಡೆಯುವ ಧೈರ್ಯ ಮಾಡಿದ. ಸದ್ದು ಬದಲಾಗಿತ್ತು. ಮೊದಲು ತಟ್ಟಿದಂತೆ ಕೇಳುತ್ತಿದ್ದದ್ದು ಈಗ ಮುಟ್ಟಿದಂತೆ ಕೇಳುತ್ತಿತ್ತು. ಆ ಸಂಜೆ ಮಾರ್ಕರ್ ಹತ್ತಿರ ಬಂದು ಟಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದರು. "ಇನ್ನು ಇದಕ್ಕೆ ಕೈ ಹಚ್ಚಬೇಡ" ಎಂದಷ್ಟೇ ಹೇಳಿ ಮೇಜಿಗೆ ಇಸ್ತ್ರಿ ಹಾಕಲು ಹೋದರು.

ಪಂದ್ಯಾವಳಿಯಲ್ಲಿ ಹುಡುಗ ಎಂಟರ ಘಟ್ಟದವರೆಗೆ ಬಂದ. ಇನ್ನೊಂದು ಪಂದ್ಯ ಗೆದ್ದರೆ ಮೊದಲ ನಾಲ್ವರಲ್ಲಿ ಒಬ್ಬ. ಐದು ಫ್ರೇಮುಗಳ ಪಂದ್ಯ, ಇಬ್ಬರಿಗೂ ಎರಡೆರಡು. ಕೊನೆಯ ಫ್ರೇಮಿನಲ್ಲಿ ಮೇಜಿನ ಮೇಲೆ ಗುಲಾಬಿ ಮತ್ತು ಕಪ್ಪು ಮಾತ್ರ ಉಳಿದಿದ್ದವು. ಹುಡುಗ ಎಂಟು ಅಂಕ ಹಿಂದೆ. ಗುಲಾಬಿಗೆ ಆರು, ಕಪ್ಪಿಗೆ ಏಳು. ಎರಡನ್ನೂ ಹಾಕಿದರೆ ಗೆಲುವು. ಗುಲಾಬಿಯನ್ನು ಹಾಕಿ, ಕಪ್ಪಿಗೆ ಸರಿಯಾಗಿ ನಿಲ್ಲಲು ಬಿಳಿ ಚೆಂಡನ್ನು ಮೂರು ಅಡಿ ಹಿಂದಕ್ಕೆ ಎಳೆಯಬೇಕಿತ್ತು. ಹದಿನಾಲ್ಕು ದಿನದ ಹಿಂದಾಗಿದ್ದರೆ ಇದು ಜಾರುವ ಹೊಡೆತ. ಅವನು ಚಾಕ್ ಹಚ್ಚಿದ, ಬಗ್ಗಿದ, ಹೊಡೆದ. ಗುಲಾಬಿ ಒಳಗೆ ಹೋಯಿತು. ಬಿಳಿ ಚೆಂಡು ಕ್ಷಣ ನಿಂತು, ತಿರುಗಿ, ಹೇಳಿದ ಮಾತು ಕೇಳುವ ಕರುವಿನಂತೆ ಬೇಕಾದ ಕಡೆಗೆ ಬಂದು ನಿಂತಿತು. ತಂದೆ ಉಸಿರು ಬಿಟ್ಟರು. ಆಮೇಲೆ ಕಪ್ಪು. ಅದು ಪಾಕೆಟ್ಟಿನ ಬಾಯಲ್ಲಿ ಅತ್ತಿತ್ತ ಬಡಿದು, ಒಳಗೆ ಬೀಳದೆ, ಅಲ್ಲೇ ನಿಂತಿತು. ಎದುರಾಳಿ ಬಂದು ಅದನ್ನು ಮೆಲ್ಲಗೆ ತಳ್ಳಿದ.

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಯಲ್ಲಿ ತಾಯಿ ಬಾಗಿಲು ತೆರೆದವರು ಮಗನ ಮುಖ ನೋಡಿ ಏನೂ ಕೇಳದೆ ಗಂಡನ ಕಡೆ ತಿರುಗಿದರು. ಹುಡುಗ ತಾನಾಗಿಯೇ ಕೋಲಿನ ಪೆಟ್ಟಿಗೆಯನ್ನು ಅಟ್ಟದ ಕೆಳಗೆ ಗೋಡೆಗೆ ಒರಗಿಸಿಟ್ಟು, ಏಣಿ ತರಲು ಹಿತ್ತಲಿಗೆ ಹೋದ.

"ಬೇಡ ಬಿಡೋ" ಎಂದರು ತಂದೆ. "ಈಗ ತಾನೇ ಪಳಗಿದೆ. ಅಟ್ಟಕ್ಕೆ ಹಾಕಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ."

"ನಾಲ್ವರೊಳಗೆ ಬರಲಿಲ್ವಲ್ಲ, ಅಪ್ಪಾ."

"ಬರಲಿಲ್ಲ. ಆದ್ರೆ ಕೈ ಜಾರಲಿಲ್ಲ, ನಾನೂ ನೋಡ್ದೆ."

ಹೊಸ ಒಪ್ಪಂದವಾಯಿತು. ಪರೀಕ್ಷೆ ಮುಗಿಯುವವರೆಗೆ ಭಾನುವಾರ ಬೆಳಿಗ್ಗೆ ಒಂದೇ ಗಂಟೆ. ವಾರದ ದಿನಗಳಲ್ಲಿ ಸಂಜೆಯ ಆ ಎರಡು ಗಂಟೆ ಗಣಿತಕ್ಕೆ. ಗಣಿತವನ್ನೂ ನಡುಗೆರೆಯ ಹೊಡೆತದಂತೆ, ಒಂದೇ ಬಗೆಯ ಲೆಕ್ಕವನ್ನು ಅದು ಸರಿಯಾಗಿ ಮರಳಿ ಬರುವವರೆಗೆ ಮಾಡಬೇಕೆಂಬ ಷರತ್ತನ್ನು ಸೇರಿಸಿದವನು ಹುಡುಗನೇ. ಮೊದಲ ವಾರ ಅವನು ಎರಡು ಸಲ ನೀರು ಕುಡಿಯಲು ಎದ್ದ. ತಂದೆ ಏನೂ ಅನ್ನಲಿಲ್ಲ. ಹೊಸತು ಹೊಂದಿಕೊಳ್ಳಲು ದಿನ ಹಿಡಿಯುತ್ತದೆಂಬುದು ಅವರಿಗೆ ಬೆಂಚಿನ ಮೇಲೆ ಕುಳಿತೇ ಗೊತ್ತಾಗಿತ್ತು.

ಮಕ್ಕಳಿಗೆ ಒಂದು ಸಲಕರಣೆಯನ್ನು ಕೊಡಿಸುವುದು ಹಣದ ಮಾತು, ಹೇಗೋ ಹೊಂದಿಸಬಹುದು. ಆ ಸಲಕರಣೆ ಅವರ ಕೈಗೆ ಹೊಂದುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂರುವುದು ಕಷ್ಟ. ಹೊಸ ಕಾಲೇಜು, ಹೊಸ ಮಾಧ್ಯಮ, ಹೊಸ ಮೇಷ್ಟ್ರು ಯಾವುದಕ್ಕೆ ಸೇರಿಸಿದರೂ ಮೊದಲ ತಿಂಗಳ ಟೆಸ್ಟಿನ ಅಂಕ ನೋಡಿ, ಆರಿಸಿದ್ದೇ ತಪ್ಪಾಯಿತೆಂದು ತಲೆಯ ಮೇಲೆ ಕೈಹೊತ್ತು ಕೂರುವ ಪೋಷಕರುಂಟು. ಕೆಲವು ಸಲ ಆರಿಸಿದ್ದು ನಿಜವಾಗಿಯೂ ತಪ್ಪಾಗಿರುತ್ತದೆ. ಆಗ ಐದು ದಿನ ಹೋಯಿತೆಂದು ಕೊರಗದೆ ಬದಲಾಯಿಸುವ ಧೈರ್ಯ ಬೇಕು. ಕೆಲವು ಸಲ ಆಯ್ಕೆ ಸರಿಯಾಗಿಯೇ ಇದ್ದು, ನಾರು ಒತ್ತಿಕೊಳ್ಳಲು ನೂರು ಹೊಡೆತ ಮಾತ್ರ ಬಾಕಿ ಇರುತ್ತದೆ. ಯಾವುದು ಯಾವುದೆಂದು ತಿಳಿಯಲು ಹತ್ತಿರ ಕುಳಿತು ಕಿವಿಗೊಟ್ಟು ಕೇಳುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಉಳಿದ ಮೂರು ಟಿಪ್‌ಗಳು ಕಳೆದುಹೋಗಬಾರದೆಂದು ತಾಯಿ ಒಂದು ಖಾಲಿ ಕುಂಕುಮದ ಡಬ್ಬಿ ಕೊಟ್ಟರು. ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಅದು ಕುಳಿತಿತು. ಒಂದು ಶನಿವಾರ ಹಲಗೆ ಒರೆಸುವಾಗ ಡಬ್ಬಿ ಮಗುಚಿ, ಒಂದು ಟಿಪ್ ಕೆಂಪು ಗಾರೆಯ ನೆಲಕ್ಕೆ ಬಿತ್ತು. ತಾಯಿ ಅದನ್ನು ಎತ್ತಿಕೊಂಡು, ಏನೋ ಹೊಳೆದವರಂತೆ ಮತ್ತೊಮ್ಮೆ ಬೇಕೆಂದೇ ಬೀಳಿಸಿ, ಕತ್ತು ಓರೆ ಮಾಡಿ ಕೇಳಿದರು.

"ಟಕ್ ಅಂತು ಕಣೋ" ಎಂದರು, ಒಳಗೆ ಓದುತ್ತಿದ್ದ ಮಗನಿಗೆ ಕೇಳುವಂತೆ.